ಕಾರ್ ರೇಸ್ ಗೇಮ್‌ಗೂ ಲೈಸೆನ್ಸ್, ಅದಕ್ಕೂ ಅವಧಿ! ದುಡ್ಡು ಕೊಡೋ ಮುಂಚೆ ಇದನ್ನ ತಿಳ್ಕೊಳ್ಳಿ

ಮಳಿಗೆ ಬಾಡಿಗೆಗೆ ಹಿಡಿದವರಿಗೆ ಕರಾರು ಅಂದ್ರೆ ಏನು ಅಂತ ಹೇಳಿಕೊಡಬೇಕಾಗಿಲ್ಲ. ಅವಧಿ ಮುಗಿದ ಮೇಲೆ ನವೀಕರಣ ಆಗಬೇಕು, ಇಲ್ಲಾಂದ್ರೆ ಜಾಗ ಖಾಲಿ ಮಾಡಬೇಕು. ಮಕ್ಕಳು ಕಂಪ್ಯೂಟರ್, ಪ್ಲೇಸ್ಟೇಷನ್‌ನಲ್ಲಿ ಆಡುವ ಕಾರ್ ರೇಸ್ ಗೇಮ್‌ಗಳ ಕಥೆಯೂ ಹೆಚ್ಚುಕಮ್ಮಿ ಇದೇ. ಗೇಮ್‌ನಲ್ಲಿ ಕಾಣುವ ಫೆರಾರಿ ಕಾರು, ಚಾಲಕರ ಹೆಸರು, ತಂಡದ ಲಾಂಛನ, ರೇಸ್ ಟ್ರ್ಯಾಕ್, ಎಲ್ಲದಕ್ಕೂ ಮಾಲೀಕರಿದ್ದಾರೆ. ಅವರ ಅನುಮತಿ ಪಡೆದು ಬಳಸುವುದೇ ಲೈಸೆನ್ಸ್.

ಶುರುವಾಗಿದ್ದು ಹೇಗೆ?

1982ರಲ್ಲಿ ಜಪಾನಿನ ನಾಮ್ಕೊ ಕಂಪನಿ 'ಪೋಲ್ ಪೊಸಿಷನ್' ಆಟದಲ್ಲಿ ಅಲ್ಲಿನ ಫ್ಯೂಜಿ ಸ್ಪೀಡ್‌ವೇ ಎಂಬ ನಿಜವಾದ ಟ್ರ್ಯಾಕನ್ನು ತಂದಿತು. 1986ರಲ್ಲಿ ಸೆಗಾ ಕಂಪನಿಯ 'ಔಟ್ ರನ್' ಬಂತು. ಅದರಲ್ಲಿದ್ದ ಕೆಂಪು ಕಾರು ನೋಡೋಕೆ ಥೇಟ್ ಫೆರಾರಿ ಟೆಸ್ಟರೋಸಾ, ಆದರೆ ಲೈಸೆನ್ಸ್ ಇರಲಿಲ್ಲ. ಮುಂದೆ ಅದೇ ಆಟವನ್ನು ಮತ್ತೆ ಬಿಡುಗಡೆ ಮಾಡುವಾಗ ಕಾರಿನ ರೂಪವನ್ನೇ ಬದಲಾಯಿಸಬೇಕಾಯಿತು. 2003ರ 'ಔಟ್ ರನ್ 2' ಮಾತ್ರ ಫೆರಾರಿಯ ಅಧಿಕೃತ ಒಪ್ಪಿಗೆಯೊಂದಿಗೆ ಬಂತು.

ಹೆಸರಿಗೂ ಬೆಲೆ

1990ರ ದಶಕದ ಆರಂಭದಲ್ಲಿ ಜೆಫ್ ಕ್ರ್ಯಾಮಂಡ್ ರೂಪಿಸಿದ ಫಾರ್ಮುಲಾ ಒನ್ ಗೇಮ್‌ನಲ್ಲಿ ಚಾಲಕರ ಹೆಸರುಗಳೆಲ್ಲ ಕಾಲ್ಪನಿಕ. ಆಡುವವರೇ ಕೂತು ನಿಜವಾದ ಹೆಸರು ಟೈಪ್ ಮಾಡಿಕೊಳ್ತಿದ್ದರು. 1996ರ 'ಗ್ರ್ಯಾನ್ ಪ್ರೀ 2'ಗೆ ಲೈಸೆನ್ಸ್ ಸಿಕ್ಕಿ, 1994ರ ಋತುವಿನ ತಂಡ, ಚಾಲಕರು ಅದರಲ್ಲಿ ಬಂದರು. ಆದರೂ 'ಫಾರ್ಮುಲಾ 1 97' ಗೇಮ್‌ನಲ್ಲಿ ಆ ವರ್ಷದ ವಿಶ್ವ ಚಾಂಪಿಯನ್ ಜಾಕ್ ವಿಲನೌವ್ ಹೆಸರೇ ಇರಲಿಲ್ಲ! ತಮ್ಮ ಹೆಸರಿನ ಹಕ್ಕನ್ನು ಅವರು ತಮ್ಮ ಬಳಿಯೇ ಇಟ್ಟುಕೊಂಡಿದ್ದರು. ಹಾಗಾಗಿ ತಂಡದ ಹೆಸರಿನಿಂದಲೇ ಅವರನ್ನು ಗುರುತಿಸಲಾಯಿತು.

ಪೋರ್ಷೆ ಕಾರಿನದು ಇನ್ನೊಂದು ಕಥೆ. 2000ದಿಂದ 2016ರವರೆಗೆ ಅದರ ಹಕ್ಕು ಇಎ ಕಂಪನಿಯ ಕೈಲಿತ್ತು. ಬೇರೆಯವರು ಬಳಸಬೇಕಾದರೆ ಇಎ ಒಪ್ಪಬೇಕಿತ್ತು. ಅದಕ್ಕೇ 'ಗ್ರ್ಯಾನ್ ಟುರಿಸ್ಮೊ' ಗೇಮ್ ತಯಾರಕರು ಪೋರ್ಷೆ ಚಾಸಿಯ ಮೇಲೆ ಕಾರು ಕಟ್ಟುವ ರೂಫ್ ಎಂಬ ಜರ್ಮನ್ ಕಂಪನಿಯ ಕಾರುಗಳನ್ನು ಹಾಕಿ ಕೆಲಸ ಸಾಗಿಸಿದರು.

ನಮ್ಮ ದೇಶದ ಟ್ರ್ಯಾಕ್ ಬಂದು ಹೋಯ್ತು

ಬೆಂಗಳೂರಿನ ಉದ್ಯಮಿಯಾಗಿದ್ದ ವಿಜಯ್ ಮಲ್ಯ ಅವರ ಫೋರ್ಸ್ ಇಂಡಿಯಾ ತಂಡ ಕೋಡ್‌ಮಾಸ್ಟರ್ಸ್ ಕಂಪನಿಯ 'ಎಫ್1 2010' ಗೇಮ್‌ನಲ್ಲಿತ್ತು. ಗ್ರೇಟರ್ ನೋಯ್ಡಾದ ಬುದ್ಧ ಸರ್ಕ್ಯೂಟ್ 'ಎಫ್1 2011'ರಲ್ಲಿ ಬಂತು. ಅಲ್ಲಿ ಅಕ್ಟೋಬರ್ ಕೊನೆಗೆ ಮೊದಲ ರೇಸ್ ನಡೆಯುವ ಮುಂಚೆಯೇ, ಸೆಪ್ಟೆಂಬರ್‌ನಲ್ಲಿ ಗೇಮ್ ಮಾರುಕಟ್ಟೆಯಲ್ಲಿತ್ತು. 2013ರ ನಂತರ ಭಾರತದ ರೇಸ್ ನಿಂತಿತು. 2014ರ ಗೇಮ್‌ನಲ್ಲಿ ಟ್ರ್ಯಾಕೂ ಮಾಯ.

ಗ್ರಾಹಕರಿಗೆ ಬಿಸಿ ಮುಟ್ಟೋದು ಎಲ್ಲಿ?

ಲೈಸೆನ್ಸ್ ಅವಧಿ ಮುಗಿದಾಗ ಕಂಪನಿಗಳು ಗೇಮನ್ನು ಆನ್‌ಲೈನ್ ಮಳಿಗೆಯಿಂದ ತೆಗೆದುಬಿಡುತ್ತವೆ. 'ಫೋರ್ಝಾ ಹೊರೈಜನ್ 4' 2024ರ ಡಿಸೆಂಬರ್ 15ಕ್ಕೆ ಮಾರಾಟದಿಂದ ಹೊರಬಿತ್ತು. ಮೊದಲೇ ಕೊಂಡವರು ಮಾತ್ರ ಈಗಲೂ ಆಡಬಹುದು.

'ದಿ ಕ್ರೂ' ಕೊಂಡವರಿಗೆ ಆ ಭಾಗ್ಯವೂ ಇಲ್ಲ. 2014ರಲ್ಲಿ ಬಂದ ಈ ಗೇಮ್ ಇಂಟರ್ನೆಟ್ ಇಲ್ಲದೆ ನಡೆಯುತ್ತಿರಲಿಲ್ಲ. ಸರ್ವರ್ ಮತ್ತು ಲೈಸೆನ್ಸ್ ಕಾರಣ ಕೊಟ್ಟು ಯೂಬಿಸಾಫ್ಟ್ ಕಂಪನಿ 2024ರ ಮಾರ್ಚ್ 31ಕ್ಕೆ ಸರ್ವರ್ ಬಂದ್ ಮಾಡಿತು. ಡಿಸ್ಕ್ ಕೈಲಿದ್ದವರಿಗೂ ಆಟ ಇಲ್ಲ. 'ದುಡ್ಡು ಕೊಟ್ಟಿದ್ದು ನಮ್ಮದಲ್ವಾ?' ಎಂದು ಯುರೋಪಿನಲ್ಲಿ ಗ್ರಾಹಕರು ಅಭಿಯಾನವನ್ನೇ ಶುರು ಮಾಡಿದರು.

ಕೊಳ್ಳುವಾಗ, ಮಾರುವಾಗ ಗಮನಿಸಿ

* ಇಂಟರ್ನೆಟ್ ಇಲ್ಲದೆಯೂ ಆಟ ನಡೆಯುತ್ತಾ ಅಂತ ಬಾಕ್ಸ್ ಮೇಲೆ ಓದಿ.
* ಹಳೇ ರೇಸ್ ಗೇಮ್ ದಿಢೀರನೆ ಭಾರೀ ರಿಯಾಯಿತಿಗೆ ಬಂದರೆ, ಮಾರಾಟ ನಿಲ್ಲುವ ದಿನ ಘೋಷಣೆ ಆಗಿದೆಯಾ ನೋಡಿ.
* ಡೌನ್‌ಲೋಡ್ ಗೇಮ್ ಆದರೆ ಖಾತೆಯ ಪಾಸ್‌ವರ್ಡ್ ಜೋಪಾನ. ಖಾತೆ ಕೈತಪ್ಪಿದರೆ, ಮಾರಾಟ ನಿಂತ ಗೇಮನ್ನು ಮತ್ತೆ ಕೊಳ್ಳೋಕಾಗಲ್ಲ.
* ಸೆಕೆಂಡ್ ಹ್ಯಾಂಡ್ ಡಿಸ್ಕ್ ಮಾರುವ ಅಂಗಡಿಯವರು ಸರ್ವರ್ ನಡೀತಿದೆಯಾ ಅಂತ ಒಮ್ಮೆ ಹಾಕಿ ನೋಡಿಯೇ ಕೊಡಿ. ಇಲ್ಲದಿದ್ದರೆ ನಾಳೆ ಜಗಳಕ್ಕೆ ಬರೋದು ನಿಮ್ಮ ಗಲ್ಲಾಪೆಟ್ಟಿಗೆ ಮುಂದೆಯೇ.