ಹಳದಿ ಹಕ್ಕಿಯ ಜಾಲತಾಣ ಮತ್ತು ಹಳ್ಳಿಯ ವರ್ತಕ

ಕಲಘಟಗಿ ತಾಲೂಕಿನ ದುಮ್ಮವಾಡದಂತಹ ಊರಿನಲ್ಲಿ ಬೀಜ-ಗೊಬ್ಬರದ ಅಂಗಡಿ ನಡೆಸುವ ಅಥವಾ ಗೋವಿನಜೋಳ ಖರೀದಿಸುವ ವರ್ತಕನಿಗೆ ಪ್ರಚಾರವೆಂದರೆ ಬಹುಕಾಲ ಅಂಗಡಿಯ ನಾಮಫಲಕ, ಜಾತ್ರೆಯ ಕರಪತ್ರ ಹಾಗೂ ಸಂತೆಯ ದಿನದ ಮಾತುಕತೆಯಷ್ಟೇ ಆಗಿತ್ತು. ಅಂಗೈಯೊಳಗಿನ ಮೊಬೈಲು ಈ ಪರಿಸ್ಥಿತಿಯನ್ನು ಬದಲಿಸಿತು. ಆದರೆ ಹೊಸ ಸಾಮಾಜಿಕ ಜಾಲತಾಣವೊಂದು ಬಂದಾಗಲೆಲ್ಲ ಅದರಲ್ಲಿ ಖಾತೆ ತೆರೆಯಬೇಕೆ, ಬೇಡವೆ ಎಂಬ ಪ್ರಶ್ನೆ ಸಣ್ಣ ವ್ಯಾಪಾರಿಯನ್ನು ಕಾಡುತ್ತಲೇ ಇದೆ. ಈ ದೃಷ್ಟಿಯಿಂದ ಕನ್ನಡ ನೆಲದಲ್ಲೇ ಹುಟ್ಟಿದ ‘ಕೂ’ ಜಾಲತಾಣದ ಕಥೆ ಅವಲೋಕನಕ್ಕೆ ಯೋಗ್ಯವಾಗಿದೆ.

ಟ್ಯಾಕ್ಸಿಫಾರ್‌ಶ್ಯೂರ್ ಸಂಸ್ಥೆಯನ್ನು ಕಟ್ಟಿ 2015ರಲ್ಲಿ ಓಲಾ ಕಂಪನಿಗೆ ಮಾರಿದ್ದ ಅಪ್ರಮೇಯ ರಾಧಾಕೃಷ್ಣ ಅವರು ಮಯಾಂಕ್ ಬಿದಾವತ್ಕಾ ಅವರೊಡಗೂಡಿ ಬೆಂಗಳೂರಿನಲ್ಲಿ ಇದನ್ನು ಸ್ಥಾಪಿಸಿದರು. ಮೊದಲು ಕನ್ನಡದಲ್ಲಿ ಆರಂಭಿಸಿ ಅನಂತರ ಹಿಂದಿ ಮೊದಲಾದ ಭಾಷೆಗಳಿಗೆ ವಿಸ್ತರಿಸಿದ್ದು ಗಮನಾರ್ಹ. 2020ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರದ ಆತ್ಮನಿರ್ಭರ ಆ್ಯಪ್ ಸ್ಪರ್ಧೆಯಲ್ಲಿ ಬಹುಮಾನ ಲಭಿಸಿತು. 2021ರ ಫೆಬ್ರವರಿಯಲ್ಲಿ ಸರ್ಕಾರಕ್ಕೂ ಟ್ವಿಟರ್‌ಗೂ ಜಟಾಪಟಿ ನಡೆದಾಗ ಸಚಿವರು, ಇಲಾಖೆಗಳು ಇಲ್ಲಿಗೆ ಧಾವಿಸಿದವು. ಕ್ರಿಕೆಟಿಗ ಜಾವಗಲ್ ಶ್ರೀನಾಥ್ ಅವರೂ ಬಂಡವಾಳ ಹೂಡಿದರು.

ಮೊದಲ ಬಾರಿ ಪ್ರವೇಶಿಸಿದವನಿಗೆ ಆಗುತ್ತಿದ್ದ ಅನುಭವ ಹಿತಕರವಾಗಿತ್ತೆನ್ನಬೇಕು. ಮಿಂಚಂಚೆ ವಿಳಾಸದ ಗೊಡವೆಯಿಲ್ಲ. ಮೊಬೈಲ್ ಸಂಖ್ಯೆ ಕೊಟ್ಟು, ಬಂದ ಓಟಿಪಿ ನಮೂದಿಸಿದರಾಯಿತು. ಭಾಷೆ ಕನ್ನಡ ಎಂದು ಆರಿಸಿದೊಡನೆ ಪರದೆಯ ತುಂಬ ಕನ್ನಡ. ಆರಂಭದಲ್ಲಿ 400 ಅಕ್ಷರಗಳ ಮಿತಿಯಿದ್ದು, ಬರೆಯಲು ಬೇಸರಪಡುವವರಿಗೆ ಧ್ವನಿ ಮತ್ತು ವೀಡಿಯೊಗೂ ಅವಕಾಶವಿತ್ತು. ಇಂಗ್ಲಿಷ್ ಬಾರದೆಂದು ಸಂಕೋಚಪಡುತ್ತಿದ್ದ ಹಳ್ಳಿಯ ಅಂಗಡಿಕಾರನಿಗೆ ಇದು ತನ್ನದೇ ಓಣಿ ಎನಿಸುವಂತಿತ್ತು.

ಓಣಿ ತನ್ನದಾದರೂ ಅಲ್ಲಿ ಗಿರಾಕಿಗಳಿರಬೇಕಲ್ಲ! ಪರದೆಯ ಮೇಲೆ ಮುನ್ನುಗ್ಗಿ ಕಾಣುತ್ತಿದ್ದವರು ರಾಜಕಾರಣಿಗಳು, ಚಿತ್ರನಟರು, ಆಟಗಾರರು. ಸುತ್ತಲಿನ ಹಳ್ಳಿಗಳ ರೈತರು ವಾಟ್ಸ್‌ಆ್ಯಪ್‌ನಲ್ಲಿದ್ದರು. ದೇಶಾಭಿಮಾನದ ಕರೆಗೆ ಓಗೊಟ್ಟು ಬಂದವರು ಕೆಲವು ವಾರ ನೋಡಿ, ಪರಿಚಿತರು ಕಾಣದಿದ್ದಾಗ ಹಿಂದಿರುಗುವುದು ಸಹಜವೇ. ಮಾರುಕಟ್ಟೆಗೆ ಮಾರುವವನೂ ಕೊಳ್ಳುವವನೂ ಒಟ್ಟಿಗೆ ಬಂದರಷ್ಟೇ ವ್ಯಾಪಾರ ಕುದುರುವುದು ಎಂಬುದು ಎಪಿಎಂಸಿ ಪ್ರಾಂಗಣ ಕಂಡವರಿಗೆ ಹೊಸದಾಗಿ ಹೇಳಬೇಕಾದ ವಿಷಯವಲ್ಲ.

ಇದಕ್ಕೆ ವ್ಯತಿರಿಕ್ತವಾದ ಉದಾಹರಣೆ ಅದೇ ತಾಲೂಕಿನಲ್ಲಿದೆ. ಬಣ್ಣದ ಚಿತ್ತಾರದ ಕಲಘಟಗಿ ತೊಟ್ಟಿಲು ಹಿಂದಿನಿಂದಲೂ ಹೆಸರುವಾಸಿ. ನಟ ಅಂಬರೀಶ್ ಅವರು 2018ರ ನವೆಂಬರ್‌ನಲ್ಲಿ ನಿಧನರಾಗುವ ಮುನ್ನ ಯಶ್-ರಾಧಿಕಾ ದಂಪತಿಯ ಕೂಸಿಗೆಂದು ಇಲ್ಲಿಯ ತೊಟ್ಟಿಲನ್ನು ಮಾಡಲು ಹೇಳಿದ್ದ ಸುದ್ದಿ, ಚಿತ್ರದೊಡನೆ ಎಲ್ಲೆಡೆ ಹರಿದಾಡಿತು. ತಯಾರಕರು ಇದಕ್ಕಾಗಿ ಜಾಲತಾಣದಲ್ಲಿ ಕುಳಿತು ಹಗಲಿರುಳು ಶ್ರಮಿಸಬೇಕಾಗಿರಲಿಲ್ಲ. ಜನ ತಾವಿದ್ದ ಕಡೆಯೇ ಅದನ್ನು ಹಂಚಿಕೊಂಡರು.

‘ಕೂ’ ನೈಜೀರಿಯಾಕ್ಕೂ, 2022ರ ನವೆಂಬರ್‌ನಲ್ಲಿ ಬ್ರೆಜಿಲ್‌ಗೂ ಕಾಲಿಟ್ಟಿತು. ಪೋರ್ಚುಗೀಸ್ ಭಾಷೆಯಲ್ಲಿ ಆ ಹೆಸರಿನ ಉಚ್ಚಾರ ಅಶ್ಲೀಲ ಪದವೊಂದನ್ನು ಹೋಲುತ್ತಿದ್ದುದರಿಂದ ಅಲ್ಲಿನವರು ನಗುನಗುತ್ತಲೇ ಸೇರಿಕೊಂಡರು. ರಫ್ತಿನ ಸರಕಿಗೆ ಹೆಸರಿಡುವವರು ಇದನ್ನು ನೆನಪಿಡಬಹುದು. ಉತ್ತುಂಗದಲ್ಲಿ ದಿನವೊಂದಕ್ಕೆ ಸುಮಾರು 21 ಲಕ್ಷ ಬಳಕೆದಾರರಿದ್ದರೆಂದು ಸ್ಥಾಪಕರು ಹೇಳಿದ್ದಾರೆ. ಆದರೆ ಬಂಡವಾಳದ ಹರಿವು ಬತ್ತಿತು, ತಂತ್ರಜ್ಞಾನದ ವೆಚ್ಚ ತಗ್ಗಲಿಲ್ಲ, ದೊಡ್ಡ ಸಂಸ್ಥೆಗಳೊಡನೆ ನಡೆಸಿದ ಮಾತುಕತೆ ಫಲಿಸಲಿಲ್ಲ. 2024ರ ಜುಲೈನಲ್ಲಿ ಸೇವೆ ನಿಲ್ಲಿಸುವುದಾಗಿ ಘೋಷಿಸಲಾಯಿತು.

ಇಂಥದು ಮೊದಲನೆಯದೇನಲ್ಲ. ಗೂಗಲ್‌ನ ಆರ್ಕುಟ್ 2014ರಲ್ಲಿ ಮುಚ್ಚಿತು. ಟಿಕ್‌ಟಾಕ್ ಅನ್ನು 2020ರ ಜೂನ್‌ನಲ್ಲಿ ಭಾರತ ನಿಷೇಧಿಸಿತು. ಅಲ್ಲಿ ಸಾವಿರಾರು ಅನುಯಾಯಿಗಳನ್ನು ಗಳಿಸಿದ್ದ ವ್ಯಾಪಾರಿಗೆ ಒಬ್ಬರ ದೂರವಾಣಿ ಸಂಖ್ಯೆಯೂ ಉಳಿಯದಿದ್ದರೆ, ಅದು ಬಾಡಿಗೆ ಜಾಗದಲ್ಲಿ ಸ್ವಂತ ಖರ್ಚಿನಿಂದ ಗೋದಾಮು ಕಟ್ಟಿದಂತೆಯೇ ಸರಿ. 2025ರ ಸೆಪ್ಟೆಂಬರ್‌ನಲ್ಲಿ ಜೋಹೊ ಸಂಸ್ಥೆಯ ‘ಅರಟ್ಟೈ’ ಸಂದೇಶ ಸೇವೆಗೆ ಇದ್ದಕ್ಕಿದ್ದಂತೆ ಜನ ಮುಗಿಬಿದ್ದಾಗ ಹಳೆಯ ಉತ್ಸಾಹವೇ ಮರುಕಳಿಸಿತು. ಉಚಿತ ಖಾತೆ ತೆರೆದು ಪರೀಕ್ಷಿಸುವುದರಿಂದ ವರ್ತಕನಿಗೆ ನಷ್ಟವೇನಿಲ್ಲ. ಗಿರಾಕಿಯ ಹೆಸರು, ಊರು, ದೂರವಾಣಿ ಸಂಖ್ಯೆಗಳನ್ನು ಮಾತ್ರ, ಅವನ ಒಪ್ಪಿಗೆ ಪಡೆದು, ಅಂಗಡಿಯ ಸ್ವಂತ ಪುಸ್ತಕದಲ್ಲಿ ಅಂದಂದೇ ಬರೆದಿಟ್ಟುಕೊಳ್ಳುವುದು ಲೇಸು.