ಕಾರಿನ ಮೂಗಿಗೆ ಹೊಸ ಕೊಳವೆ, ಎಂಜಿನ್ನಿಗೆ ಏದುಸಿರು

ಕಾರು ಯಾವುದರಿಂದ ಓಡುತ್ತದೆ? ಪೆಟ್ರೋಲಿನಿಂದ ಎಂದು ಒಂದನೇ ಕ್ಲಾಸಿನ ಮಗುವೂ ಹೇಳುತ್ತದೆ. ಅದು ಅರ್ಧ ಉತ್ತರ ಮಾತ್ರ. ಒಂದು ಗ್ರಾಂ ಪೆಟ್ರೋಲು ಪೂರ್ತಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಹಾಗೆ ಲೆಕ್ಕ ಹಾಕಿದರೆ ಒಂದು ಲೀಟರ್ ಪೆಟ್ರೋಲಿಗೆ ಸುಮಾರು 9,000 ಲೀಟರ್ ಗಾಳಿ! ಅದೂ ಮಂಗಳೂರಿನಂಥ ಕಡಲ ತೀರದಲ್ಲಿ. ನಮ್ಮ ಹಾಸನ ಸಮುದ್ರಮಟ್ಟದಿಂದ ಸುಮಾರು 950 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿ ಹತ್ತರಲ್ಲೊಂದು ಪಾಲು ತೆಳು. ಹಾಗಾಗಿ ಅಷ್ಟೇ ಪೆಟ್ರೋಲಿಗೆ ಇನ್ನೂ ಹೆಚ್ಚು ಲೀಟರ್ ಗಾಳಿ ಬೇಕು.

ಈ ಗಾಳಿ ಎಂಜಿನ್ನಿಗೆ ಹೋಗುವ ದಾರಿಯೇ ಏರ್ ಇನ್‌ಟೇಕ್, ಅಂದರೆ ಕಾರಿನ ಮೂಗು. ಬಾನೆಟ್ ಎತ್ತಿದರೆ ಕಾಣುವ ಕಪ್ಪು ಪ್ಲಾಸ್ಟಿಕ್ ಪೆಟ್ಟಿಗೆಯೊಳಗೆ ಮಡಿಕೆ ಮಡಿಕೆಯಾದ ಕಾಗದದ ಫಿಲ್ಟರ್ ಇರುತ್ತದೆ. ಸುಗ್ಗಿಯಲ್ಲಿ ಚನ್ನರಾಯಪಟ್ಟಣ, ಹೊಳೆನರಸೀಪುರದ ಕಡೆ ರಾಗಿ, ಹುರುಳಿಯನ್ನು ರಸ್ತೆಗೇ ಹರಡಿ ಒಕ್ಕಣೆ ಮಾಡುವುದನ್ನು ನೀವು ನೋಡಿದ್ದೀರಿ. ಆ ಹೊಟ್ಟು, ಆ ದೂಳು ಎಂಜಿನ್ನಿನ ಹೊಟ್ಟೆ ಸೇರದಂತೆ ತಡೆಯುವುದು ಈ ಕಾಗದವೇ.

ಈಗಿನ ಹುಡುಗರಿಗೆ ಆ ಪೆಟ್ಟಿಗೆ ಕಂಡರೆ ಬೇಸರ. ಅದನ್ನು ತೆಗೆದು ಹೊಳೆಯುವ ಕೊಳವೆ, ಅದರ ತುದಿಗೆ ಶಂಕುವಿನಾಕಾರದ ಹತ್ತಿಯ ಫಿಲ್ಟರ್ ಹಾಕಿಸುತ್ತಾರೆ. ಗುರ್ ಎಂಬ ಸದ್ದು ಬರುತ್ತದೆ, ಕಾರು ಜೋರಾಯಿತು ಎಂದು ಖುಷಿ.

ನಮ್ಮ ಬೀದಿಯ ಹುಡುಗನೊಬ್ಬ ಹೀಗೇ ಮಾಡಿಸಿದ. ವಾರ ಕಳೆಯುವುದರೊಳಗೆ ಕಾರು ನಿಂತಲ್ಲಿ ನಡುಗತೊಡಗಿತು. ಮೀಟರಿನಲ್ಲಿ ಹಳದಿ ದೀಪ ಹತ್ತಿತು. ಅಜ್ಜಿಯನ್ನು ಕೂರಿಸಿಕೊಂಡು ಹೊಳೆನರಸೀಪುರಕ್ಕೆ ಹೊರಟಾಗ ರಸ್ತೆಯ ಉಬ್ಬಿನ ಮೇಲೆ ಎರಡು ಸಲ ಆಫ್ ಆಯಿತು. ಹಿಂದೆ ಬಸ್ಸು, ಅದರ ಹಿಂದೆ ಲಾರಿ, ಎಲ್ಲರದೂ ಹಾರನ್. ಅಜ್ಜಿ ಗಾಬರಿಯಿಂದ ಇಳಿದು, “ನಾನು ಬಸ್ಸಿಗೇ ಬರ್ತೀನಿ ಕಣಪ್ಪ” ಅಂದರು. ಒಂದು ಗ್ಯಾರೇಜಿನಲ್ಲಿ ಫ್ಯೂಯೆಲ್ ಪಂಪ್ ಬದಲಿಸಬೇಕು ಎಂದು ಸಾವಿರಾರು ರೂಪಾಯಿಯ ಲೆಕ್ಕ ಬರೆದುಕೊಟ್ಟರು. ಆಮೇಲೆ ಹಾಸನದ ಹಳೆಯ ಮೆಕ್ಯಾನಿಕ್ ಒಬ್ಬರ ಹತ್ತಿರ ಹೋದೆವು. ಅವರು ಸ್ಪ್ಯಾನರ್ ಹಿಡಿಯುವ ಮೊದಲು ಕೇಳಿದ ಪ್ರಶ್ನೆ ಒಂದೇ: “ಕೊನೆಗೆ ಬದಲಾಯಿಸಿದ್ದು ಏನು?”

ಬ್ಯಾಂಕಿನಲ್ಲಿ ಸಂಜೆ ಲೆಕ್ಕ ತಾಳೆಯಾಗದಿದ್ದರೆ ನಾವೂ ಹಾಗೇ ಮಾಡುತ್ತಿದ್ದೆವು. ಇಡೀ ಲೆಡ್ಜರ್ ತಿರುವುವುದಕ್ಕಿಂತ ಕೊನೆಯ ನಮೂದುಗಳನ್ನು ಮೊದಲು ನೋಡುವುದು.

ಆ ಕಾರಿನ ಗಾಳಿಕೊಳವೆಯಲ್ಲಿ ಒಂದು ಸೆನ್ಸರ್ ಇತ್ತು. ಅದರೊಳಗಿನ ಬಿಸಿ ತಂತಿಯ ಮೇಲೆ ಗಾಳಿ ಹಾದಾಗ ತಂತಿ ತಣಿಯುತ್ತದೆ. ಎಷ್ಟು ತಣಿಯಿತು ಎಂಬುದರ ಮೇಲೆ ಎಷ್ಟು ಗಾಳಿ ಬಂತು ಎಂದು ಕಾರಿನ ಕಂಪ್ಯೂಟರ್ ತಿಳಿದು, ಅದಕ್ಕೆ ತಕ್ಕ ಪೆಟ್ರೋಲು ಬಿಡುತ್ತದೆ. ಈ ಸೆನ್ಸರನ್ನು ಕ್ಯಾಷ್ ಕೌಂಟರಿನ ಗುಮಾಸ್ತ ಎಂದುಕೊಳ್ಳಿ. ಅವನ ಕಣ್ಣು ತಪ್ಪಿಸಿ ಹಿಂಬಾಗಿಲಿನಿಂದ ಹಣ ಬಂದರೆ ಲೆಕ್ಕ ಕೆಡುವುದಿಲ್ಲವೇ?

ಮೆಕ್ಯಾನಿಕ್ ಕಿವಿ ಕೊಟ್ಟು ಕೇಳಿದರು. ಸೆನ್ಸರಿನ ಆಚೆಯ ಜೋಡಣೆಯಲ್ಲಿ ಸಣ್ಣಗೆ ಬುಸ್ ಎನ್ನುತ್ತಿತ್ತು. ಕ್ಲಾಂಪು ಸಡಿಲವಾಗಿ ಅಲ್ಲಿಂದ ಲೆಕ್ಕಕ್ಕೆ ಸಿಗದ ಗಾಳಿ ನುಗ್ಗುತ್ತಿತ್ತು. ಗಾಳಿ ಹೆಚ್ಚು, ಪೆಟ್ರೋಲು ಕಡಿಮೆ; ಅದಕ್ಕೇ ನಡುಕ. ಸ್ಕ್ಯಾನರ್ ಜೋಡಿಸಿದಾಗ ಪಿ0171 ಎಂಬ ಸಂಕೇತ ಬಂತು. ಮಿಶ್ರಣದಲ್ಲಿ ಪೆಟ್ರೋಲು ಸಾಲದು ಎಂದು ಅದರ ಅರ್ಥ.

ಕ್ಲಾಂಪು ಬಿಗಿ ಮಾಡಿದ ಮೇಲೆ ನಡುಕ ಕಡಿಮೆಯಾಯಿತು, ಜಗ್ಗುವುದು ನಿಲ್ಲಲಿಲ್ಲ. ಸೆನ್ಸರ್ ಬಿಚ್ಚಿ ನೋಡಿದರೆ ತಂತಿಯ ಮೇಲೆ ಎಣ್ಣೆಯ ಜಿಡ್ಡು. ಹತ್ತಿಯ ಫಿಲ್ಟರಿಗೆ ದೂಳು ಹಿಡಿಯಲೆಂದು ತೆಳುವಾಗಿ ಎಣ್ಣೆ ಸವರಬೇಕು. ನಮ್ಮ ಹುಡುಗ ಅದಕ್ಕೆ ಅಭ್ಯಂಜನವನ್ನೇ ಮಾಡಿಸಿದ್ದ! ತಂತಿಯನ್ನು ಬೆರಳಲ್ಲಿ ಮುಟ್ಟದೆ, ಅದಕ್ಕೆಂದೇ ಸಿಗುವ ಸ್ಪ್ರೇ ಹೊಡೆದು, ಚೆನ್ನಾಗಿ ಒಣಗಿಸಿ ಮತ್ತೆ ಕೂರಿಸಿದರು. ಗಾಳಿಯ ದಿಕ್ಕು ತೋರಿಸುವ ಬಾಣದ ಗುರುತನ್ನೂ ನೋಡಿಕೊಂಡರು.

ಆದರೂ ಕಾರು ಪೂರ್ತಿ ಸರಿಹೋಗಲಿಲ್ಲ. ಕಾರಣ ಕೊಳವೆಯ ಅಗಲ. ಹೇಮಾವತಿ ಇಕ್ಕಟ್ಟಾದಲ್ಲಿ ರಭಸವಾಗಿ, ಅಗಲವಾದಲ್ಲಿ ನಿಧಾನವಾಗಿ ಹರಿಯುತ್ತದಲ್ಲ, ಗಾಳಿಯೂ ಹಾಗೆಯೇ. ಹೊಸ ಕೊಳವೆ ಹಳೆಯದಕ್ಕಿಂತ ಅಗಲ. ತಂತಿಯ ಮೇಲೆ ಗಾಳಿ ನಿಧಾನವಾಗಿ ಹಾಯುವುದರಿಂದ ಕಂಪ್ಯೂಟರ್ ಕಡಿಮೆ ಗಾಳಿ ಎಂದೇ ಬರೆದುಕೊಳ್ಳುತ್ತಿತ್ತು. ಸಾಲದ್ದಕ್ಕೆ ತೆರೆದ ಫಿಲ್ಟರ್ ಎಂಜಿನ್ನಿನ ಪಕ್ಕದ ಬಿಸಿಗಾಳಿಯನ್ನೇ ಎಳೆಯುತ್ತಿತ್ತು. ಬಿಸಿಗಾಳಿ ತೆಳು, ಶಕ್ತಿಯೂ ಕಡಿಮೆ.

ಪುಣ್ಯಕ್ಕೆ ಹಳೆಯ ಪೆಟ್ಟಿಗೆ ಗುಜರಿಗೆ ಹೋಗಿರಲಿಲ್ಲ. ಅದನ್ನೇ ತಂದು ಕೂರಿಸಿದರು. ಕಾರು ಹಾಲು ಕುಡಿದ ಕರುವಿನ ಹಾಗೆ ಸುಮ್ಮನಾಯಿತು. ಹೊಸ ಪಂಪಿನ ಖರ್ಚೂ ಉಳಿಯಿತು.

ಎಲ್ಲ ಕಾರಿನಲ್ಲೂ ಬಿಸಿ ತಂತಿ ಇರುವುದಿಲ್ಲ. ಅನೇಕ ಸಣ್ಣ ಕಾರುಗಳು ಗಾಳಿಯ ಒತ್ತಡ ಮತ್ತು ಉಷ್ಣಾಂಶ ಅಳೆದು ಲೆಕ್ಕ ಹಾಕುತ್ತವೆ. ಅಲ್ಲಿ ಉಷ್ಣಾಂಶದ ಸೆನ್ಸರಿನ ವೈರು ಕಳಚಿಕೊಂಡಿದೆಯೇ ಎಂದು ಮೊದಲು ನೋಡಬೇಕು. ಕಾರು ಯಾವುದಾದರೂ ಕ್ರಮ ಒಂದೇ: ಮೊದಲು ಜೋಡಣೆ, ಆಮೇಲೆ ಸೆನ್ಸರು, ಕೊನೆಗೆ ಹಳೆಯ ಪೆಟ್ಟಿಗೆ ಹಾಕಿ ಪರೀಕ್ಷೆ. ಹೊಸ ಬಿಡಿಭಾಗ ಕೊಳ್ಳುವುದು ಇಷ್ಟೂ ಆದ ಮೇಲೆ.

ಇನ್ನೊಂದು ಅಪಾಯವನ್ನು ಮಕ್ಕಳು ಮನೆಯಲ್ಲೇ ಕಂಡುಕೊಳ್ಳಬಹುದು. ಸೂಜಿಯಿಲ್ಲದ ಹೊಸ ಸಿರಿಂಜಿನಲ್ಲಿ ಗಾಳಿ ತುಂಬಿ, ತುದಿಯನ್ನು ಬೆರಳಿನಿಂದ ಮುಚ್ಚಿ ಒತ್ತಿ. ಒಳಕ್ಕೆ ಹೋಗುತ್ತದೆ. ನೀರು ತುಂಬಿ ಒತ್ತಿ. ಅಲ್ಲಾಡುವುದಿಲ್ಲ. ಕೆಲವು ಹೊಸ ಕೊಳವೆಗಳ ಬಾಯಿ ಬಂಪರಿನ ಹತ್ತಿರ, ತೀರ ಕೆಳಗಿರುತ್ತದೆ. ಅರಕಲಗೂಡಿನ ಕಡೆ ಮುಂಗಾರು ಮಳೆಗೆ ರಸ್ತೆಯಲ್ಲಿ ನಿಂತ ನೀರಿಗೆ ಕಾರು ಇಳಿಸಿದರೆ, ಆ ಬಾಯಿ ನೀರನ್ನೇ ಹೀರುತ್ತದೆ. ನೀರು ಕುಗ್ಗದು, ಎಂಜಿನ್ನಿನೊಳಗಿನ ಉಕ್ಕಿನ ಸರಳೇ ಬಾಗಿಬಿಡುತ್ತದೆ. ನೀರಿನಲ್ಲಿ ಕಾರು ನಿಂತರೆ ಮತ್ತೆ ಮತ್ತೆ ಸ್ಟಾರ್ಟ್ ಮಾಡಲೇಬಾರದು. ತಳ್ಳಿ ಹೊರಗೆ ತಂದು ಮೆಕ್ಯಾನಿಕ್‌ಗೆ ತೋರಿಸಬೇಕು.

ಕಾರಿನ ಮೂಲ ವಿವರಗಳನ್ನು ಮನಸ್ಸಿಗೆ ಬಂದಂತೆ ಬದಲಾಯಿಸುವುದಕ್ಕೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ತಡೆಯೂ ಇದೆ. ವಾರಂಟಿ ಇರುವ ಕಾರಾದರೆ ಅದಕ್ಕೂ ತೊಂದರೆ ಬರಬಹುದು.

ಈ ಭಾನುವಾರ ಅಜ್ಜ ಮೊಮ್ಮಕ್ಕಳು ಸೇರಿ ಒಂದು ಕೆಲಸ ಮಾಡಿ. ಎಂಜಿನ್ ಆಫ್ ಮಾಡಿ, ತಣ್ಣಗಾದ ಮೇಲೆ ಬಾನೆಟ್ ಎತ್ತಿ ಆ ಕಪ್ಪು ಪೆಟ್ಟಿಗೆಯನ್ನು ಹುಡುಕಿ. ದೊಡ್ಡವರು ಕ್ಲಿಪ್ಪು ತೆಗೆಯಲಿ, ಚಿಕ್ಕವರು ಫಿಲ್ಟರಿನಲ್ಲಿ ಎಷ್ಟು ದೂಳಿದೆ ನೋಡಲಿ. ಕಪ್ಪಾಗಿದ್ದರೆ ಬದಲಿಸಿ. ಕಾರು ಸರಾಗವಾಗಿ ಉಸಿರಾಡಲು ಹೆಚ್ಚಿನವರಿಗೆ ಅಷ್ಟೇ ಸಾಕು.