ಹತ್ತಿಯ ಹುಳು ಬಗ್ಗದಾದುದೇಕೆ?

2002ರಲ್ಲಿ ಬಿ.ಟಿ. ಹತ್ತಿ ಬಂದಾಗ, ಕಾಯಿಕೊರಕದ ಚಿಂತೆ ತೀರಿತೆಂದು ನಮ್ಮ ಆದವಾನಿ ಸೀಮೆಯ ರೈತರು ನಂಬಿದೆವು. ಹುಳುವನ್ನು ಕೊಲ್ಲುವ ವಿಷ ಆ ಗಿಡದಲ್ಲಿಯೇ ಹುಟ್ಟುತ್ತದೆ. ಆದರೆ 2010ರಲ್ಲಿ ಗುಜರಾತಿನಿಂದ, ಗುಲಾಬಿ ಹುಳು ಈ ವಿಷಕ್ಕೆ ಬಗ್ಗುತ್ತಿಲ್ಲವೆಂಬ ಸುದ್ದಿ ಬಂದಿತು. ಮುಂದೆ ನಮ್ಮ ಕಾಯಿಗಳೂ ತೂತಾದವು.

ಇದು ಹೇಗಾಯಿತು? ಒಂದೇ ತಾಯಿಯ ಮಕ್ಕಳೆಲ್ಲ ಒಂದೇ ತೆರನಾಗಿರುವುದಿಲ್ಲವಷ್ಟೆ. ಅಸಂಖ್ಯ ಹುಳುಗಳಲ್ಲಿ ಎಲ್ಲೋ ಕೆಲವಕ್ಕೆ ವಿಷ ತಾಳುವ ಗುಣ ಹುಟ್ಟಿನಿಂದಲೇ ಇತ್ತು. ಉಳಿದವು ಸತ್ತವು, ತಾಳಿದವು ಪತಂಗಗಳಾಗಿ ಮೊಟ್ಟೆಯಿಟ್ಟವು. ಗುಣ ಮರಿಗಳಿಗೂ ಇಳಿಯಿತು. ತಲೆಮಾರು ಕಳೆದಂತೆ ಅಂಥವೇ ಹೆಚ್ಚಿದವು. ಹುಳು ವಿಷವನ್ನು ರೂಢಿಮಾಡಿಕೊಂಡಿತೆನ್ನುವುದು ತಪ್ಪು. ನಾವೇ ಅರಿಯದೆ ಗಟ್ಟಿ ಹುಳುಗಳನ್ನು ಆರಿಸಿ ಬೆಳೆಸಿದೆವು. 1859ರಲ್ಲಿ ಡಾರ್ವಿನ್ ಪಂಡಿತನು ವಿವರಿಸಿದ ನಿಸರ್ಗದ ಆಯ್ಕೆಯೂ ಹೀಗೆಯೇ ನಡೆಯುತ್ತದೆ.

ಹೊಲದ ಅಂಚಿಗೆ ಬಿತ್ತಲೆಂದು ಕೊಟ್ಟ ಬಿ.ಟಿ. ಅಲ್ಲದ ಬೀಜದ ಪೊಟ್ಟಣವನ್ನು ನಾವೂ ಬಿಸುಟವರೇ. ಅಲ್ಲಿ ಮೆದು ಹುಳುಗಳು ಬದುಕಿ, ಗಟ್ಟಿಯವುಗಳೊಡನೆ ಕೂಡಿದರೆ, ತಾಳುವ ಗುಣ ಬೇಗನೆ ಹಬ್ಬದು. ಹತ್ತಿಯೇ ಈ ಹುಳುವಿನ ಮುಖ್ಯ ಆಹಾರ. ಆದುದರಿಂದ ಬೆಳೆಯನ್ನು ಬೇಸಿಗೆಗೆ ಎಳೆಯದೆ, ಸಂಕ್ರಾಂತಿಯೊಳಗೆ ಮುಗಿಸಿ ಕಟ್ಟಿಗೆ ಕೀಳಬೇಕು. ಒಬ್ಬರು ಮಾಡಿದರೆ ಸಾಲದು, ಊರೇ ಮಾಡಬೇಕು. ಪತಂಗಕ್ಕೆ ಬದುವಿನ ಎಲ್ಲೆಯಿಲ್ಲ.